ಕುಲಾವಿಯೊಳಗಿನ ನೀರು

"ಮೆಲ್ಲಗೆ, ಮೆಲ್ಲಗೆ," ಎಂದು ಗಾಜಿನ ಆಚೆಗಿದ್ದ ಮನುಷ್ಯ ಹೇಳುತ್ತಿದ್ದ. ಯಾರಿಗೆ ಅಂತೀರಿ? ಕೈಯಲ್ಲಿದ್ದ ಬಾಟಲಿಗೆ.

ಸೂಜಿಯಮ್ಮನಿಗೆ ಅವನ ದನಿ ಕೇಳಿಸುತ್ತಿರಲಿಲ್ಲ, ತುಟಿ ಮಾತ್ರ ಕಾಣುತ್ತಿತ್ತು. ಅಷ್ಟು ಸಾಕಿತ್ತು ಅವಳಿಗೆ. ಪೊಲೀಸ್ ಇಲಾಖೆಯಲ್ಲಿ ತಲೆ ನರೆಯುವವರೆಗೆ ದುಡಿದ ಹೆಂಗಸು, ಕಳ್ಳರ ತುಟಿ ಓದಿಯೇ ಅರ್ಧ ಕೇಸು ಮುಗಿಸಿದವಳು. ಕೇಳಿದ ಪ್ರಶ್ನೆ ಸರಿಯಾದ ಜಾಗಕ್ಕೇ ಚುಚ್ಚುತ್ತಿತ್ತು ಎಂದು ಆ ಹೆಸರು ಬಂದದ್ದು. ಸೂಜಿಯ ಆಸ್ಪತ್ರೆಗೇ ಸೂಜಿಯಮ್ಮ ಬಂದಳಲ್ಲ ಎಂದು ಇಲ್ಲಿಯ ವಾಚ್‌ಮನ್ ಕೂಡ ನಕ್ಕಾಗಿತ್ತು.

ವಿಷಯ ಇಷ್ಟೇ. ಮೆದುಳಿನ ಗೆಡ್ಡೆಯ ರೋಗಿಗಳ ಮೇಲೆ ಹೊಸ ಲಸಿಕೆಯೊಂದನ್ನು ಈ ಆಸ್ಪತ್ರೆ ಪರೀಕ್ಷಿಸುತ್ತಿದೆ. ಲಸಿಕೆ ಇರಬೇಕಾದ ಒಂದು ಬಾಟಲಿಯ ತಳದಲ್ಲಿ ಹೋದ ಸರದಿ ಬರೀ ಉಪ್ಪುನೀರು ಸಿಕ್ಕಿದೆ ಎಂದು, ಖಾಲಿ ಬಾಟಲಿಗಳನ್ನು ತರಿಸಿ ನೋಡುವ ಲೆಕ್ಕದ ಆಫೀಸು ತಿಳಿಸಿದೆ; ಯಾರ ಬಾಟಲಿ ಎಂದು ಹೇಳಿಲ್ಲ.

ಪೊಲೀಸರಿಗೆ ಹೇಳಿದರೆ ಪರೀಕ್ಷೆಯೇ ನಿಂತು ಹೋಗುತ್ತದೆ, ಎಲ್ಲ ರೋಗಿಗಳ ಬಾಯಿಗೂ ಮಣ್ಣು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದಕ್ಕೇ ದೊಡ್ಡ ಡಾಕ್ಟರು ಸೂಜಿಯಮ್ಮನನ್ನು ಸದ್ದಿಲ್ಲದೆ ಕರೆಸಿದ್ದರು. ಬಾಟಲಿಗಳನ್ನು ಇಡುವ ಟ್ಯಾಂಕಿನ ಬೀಗದ ಕೈ ಇದ್ದದ್ದು ಮೂವರ ಹತ್ತಿರ: ದೊಡ್ಡ ಡಾಕ್ಟರು, ಚುಚ್ಚುವ ಸಿಸ್ಟರು, ಮತ್ತು ಗಾಜಿನ ಆಚೆ ಬಾಟಲಿಯ ಜೊತೆ ಮಾತಾಡುತ್ತಿದ್ದ ಈ ಮೆಲ್ಲಗಣ್ಣ.

ಅವನ ನಿಜವಾದ ಹೆಸರು ಸಂಬಳದ ಚೀಟಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹಿಮದಂತೆ ಹೆಪ್ಪುಗಟ್ಟಿದ ಬಾಟಲಿಗಳನ್ನು ಟ್ಯಾಂಕಿನಿಂದ ತೆಗೆದು, ಬಿಸಿನೀರಿನ ತೊಟ್ಟಿಯಲ್ಲಿ ಕರಗಿಸಿ ಕೊಡುವುದು ಅವನ ಕೆಲಸ. ಬಾಗಿಲು ಹಾಕಿದರೂ ಮೆಲ್ಲಗೆ, ಲಿಫ್ಟ್ ಹತ್ತಿದರೂ ಮೆಲ್ಲಗೆ. ಹೊಸ ಡಾಕ್ಟರೊಬ್ಬರು ಬಾಟಲಿ ಕೊಂಡೊಯ್ಯುತ್ತ ಮೆಟ್ಟಿಲು ಓಡಿ ಹತ್ತಿದ್ದಕ್ಕೆ ಎಲ್ಲರೆದುರೇ ಗದರಿದ್ದನಂತೆ.

ಅವನೀಗ ತೊಟ್ಟಿಯಿಂದ ಮೊದಲ ಬಾಟಲಿ ತೆಗೆದ. ಬಟ್ಟೆಯಿಂದ ಒರೆಸಿ ಎರಡು ಅಂಗೈಗಳ ನಡುವೆ ಇಟ್ಟುಕೊಂಡು ನಿಧಾನವಾಗಿ ಉರುಳಿಸಿದ. ಬಾಟಲಿಗೆ ಮೇಲಿಂದ ಕೆಳಗಿನವರೆಗೆ ಕಪ್ಪು ಕಾಗದದ ಕವಚ. ಎಳೆ ಮಗುವಿಗೆ ಟೊಪ್ಪಿ ಹಾಕಿದಂತೆ ಇದೆ ಎಂದು ಇಲ್ಲಿಯವರು ಅದನ್ನು ಕುಲಾವಿ ಅನ್ನುತ್ತಿದ್ದರು. ಅವನು ಉರುಳಿಸಿದ ಬಾಟಲಿಯನ್ನು ತಟ್ಟೆಯಲ್ಲಿಟ್ಟ.

ಎರಡನೆಯದನ್ನು ತೆಗೆದ, ಒರೆಸಿದ, ಕೆಮ್ಮಿನ ಔಷಧಿಯ ಸೀಸೆಯನ್ನು ಅಲ್ಲಾಡಿಸುವ ಹಾಗೆ ಟಪಟಪ ಅಲ್ಲಾಡಿಸಿ ಇಟ್ಟುಬಿಟ್ಟ. ತುಟಿ ಮುಚ್ಚಿಯೇ ಇತ್ತು.

ಸೂಜಿಯಮ್ಮ ಕನ್ನಡಕ ತೆಗೆದು ಸೀರೆಯ ಅಂಚಿನಿಂದ ಒರೆಸಿಕೊಂಡಳು. ಪಕ್ಕದಲ್ಲಿ ಸಿರಿಂಜುಗಳನ್ನು ಜೋಡಿಸುತ್ತಿದ್ದ ಸಿಸ್ಟರನ್ನು ಕೇಳಿದಳು: "ಸಿಸ್ಟರ್, ಆ ಬಾಟಲಿ ಅಲ್ಲಾಡಿಸಿದ್ರೆ ಏನಾಗುತ್ತೆ?"

"ಅಯ್ಯೋ, ಅಲ್ಲಾಡಿಸೋ ಹಾಗೇ ಇಲ್ಲಮ್ಮ. ಒಳಗಿರೋದು ಜೀವ ಇರೋ ಕಣಗಳು. ದಾನಿಗಳ ರಕ್ತದಿಂದ ತೆಗೆದು, ಈ ಗೆಡ್ಡೆಯ ಗುರುತು ಹಿಡಿಯೋಕೆ ಕಲಿಸಿ ಕಳಿಸಿರ್ತಾರೆ. ಕುಲುಕಿದ್ರೆ ಒಡೆದು ಸಾಯ್ತವೆ. ಅದಕ್ಕೇ ಉರುಳಿಸೋದು."

"ಎಲ್ಲರಿಗೂ ಲಸಿಕೆ ಕೊಡಲ್ಲವಲ್ಲ. ಅರ್ಧ ಜನಕ್ಕೆ ಉಪ್ಪುನೀರು ಅಂದ್ರು ಡಾಕ್ಟರು."

"ಹೌದು. ಹೋಲಿಸಿ ನೋಡಬೇಕಲ್ಲ. ನೀರಿಗೇನಮ್ಮ, ಕುಣಿಸಿದ್ರೂ ಏನೂ ಆಗಲ್ಲ."

"ನೀರು ಯಾವುದು, ಲಸಿಕೆ ಯಾವುದು ಅಂತ ನಿಮಗೆ ಗೊತ್ತಾಗುತ್ತಾ?"

ಸಿಸ್ಟರು ನಕ್ಕರು. "ಗೊತ್ತಾಗಬಾರದು ಅಂತಲೇ ಕುಲಾವಿ. ಲಸಿಕೆ ಮಜ್ಜಿಗೆ ತಿಳಿ ಇದ್ದ ಹಾಗೆ ಮಬ್ಬಾಗಿರುತ್ತೆ, ನೀರು ತಿಳಿಯಾಗಿರುತ್ತೆ. ಕಂಡರೆ ಗೊತ್ತಾಗಿಬಿಡುತ್ತಲ್ಲ. ಸಿರಿಂಜಿಗೂ ಕಪ್ಪು ಅಂಗಿ ತೊಡಿಸಿದ್ದೀವಿ ನೋಡಿ. ನಮ್ಮೆಲ್ಲರ ಕಣ್ಣಿಗೂ ಬಟ್ಟೆ. ಯಾರಿಗೆ ಏನು ಅನ್ನೋದು ಊರಾಚೆಯ ಲೆಕ್ಕದ ಆಫೀಸಿಗೆ ಮಾತ್ರ ಗೊತ್ತು."

"ಹಾಗಾದ್ರೆ ನೀವು ಎಲ್ಲಾ ಬಾಟಲೀನೂ ಲಸಿಕೆ ಅಂತಲೇ ಉರುಳಿಸಬೇಕು."

"ಮತ್ತೆ? ಗೊತ್ತಿಲ್ಲದವರು ಎಲ್ಲಕ್ಕೂ ಹೆದರಲೇಬೇಕು."

ಸೂಜಿಯಮ್ಮ ಕನ್ನಡಕ ಹಾಕಿಕೊಂಡಳು. ಗೊತ್ತಿಲ್ಲದವರು ಎಲ್ಲಕ್ಕೂ ಹೆದರಬೇಕು. ಹೆದರದೆ ಕುಲುಕಿದವನಿಗೆ ಗೊತ್ತಿದೆ. ಇದಕ್ಕಿಂತ ನೆಟ್ಟಗಿನ ಸಾಕ್ಷಿ ಅವಳ ಇಡೀ ನೌಕರಿಯಲ್ಲಿ ಸಿಕ್ಕಿರಲಿಲ್ಲ. ಅವಳು ಬಾಗಿಲು ತಳ್ಳಿ ಒಳಗೆ ಹೋದಳು.

ತಟ್ಟೆಯಲ್ಲಿ ಎರಡು ಬಾಟಲಿ. ಉರುಳಿಸಿದ್ದರ ಕುಲಾವಿಯ ಮೇಲೆ, ದೊಡ್ಡ ಡಾಕ್ಟರು ಕೊಟ್ಟ ಪಟ್ಟಿಯ ಪ್ರಕಾರ, ಲಾರಿ ಡ್ರೈವರೊಬ್ಬನ ನಂಬರು. ಅವನು ಇದೇ ಪರೀಕ್ಷೆಯ ರೋಗಿ. ಕುಲುಕಿದ್ದರ ಮೇಲಿನ ನಂಬರನ್ನು ಸೂಜಿಯಮ್ಮ ಎರಡು ಸಲ ಓದಿದಳು.

ಅದು ಮೀನುವಿನ ನಂಬರು.

ಮೀನು ಅಂದರೆ ಅವಳ ನಾದಿನಿ, ಗಂಡನ ತಂಗಿ. ಊರಿನ ಮಕ್ಕಳಿಗೆಲ್ಲ ಈಜು ಕಲಿಸಿದವಳು, ಅದಕ್ಕೇ ಮನೆಯಲ್ಲಿ ಮೀನು. ಅತ್ತಿಗೆ ನಾದಿನಿ ಅಂದರೆ ಎಣ್ಣೆ ಸೀಗೆಕಾಯಿ ಅನ್ನುತ್ತದೆ ಲೋಕ. ಇವರಿಬ್ಬರು ಮಾತ್ರ ಜಗಳವಾಡಿದರೂ ಒಂದೇ ತಟ್ಟೆಯಲ್ಲಿ ಉಂಡು ಜಗಳವಾಡುತ್ತಿದ್ದರು. ಗೆಡ್ಡೆ ತೆಗೆದ ಮೇಲೆ ಲಸಿಕೆ ಶುರುವಾಗಿ, ಸ್ಕ್ಯಾನಿನಲ್ಲಿ ಎಲ್ಲ ನೆಟ್ಟಗಿದೆ ಅಂದಾಗ ಸೂಜಿಯಮ್ಮ ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತಿದ್ದಳು. ಆದರೆ ಹೋದ ಸರದಿಯ ಸೂಜಿಯಾದ ಮೇಲೆ ಮಾತು ಜಾರತೊಡಗಿತ್ತು. ಇವತ್ತು ಬೆಳಿಗ್ಗೆ ಚಮಚ ಕೇಳಬೇಕಾದವಳು, "ಆ ಬಾಚಣಿಗೆ ಕೊಡು ಅತ್ತಿಗೆ," ಅಂದಿದ್ದಳು. ಇಬ್ಬರೂ ನಕ್ಕಿದ್ದರು, ನಕ್ಕು ಸುಮ್ಮನಾಗಿದ್ದರು.

ಈಗ ಅದೇ ಮೀನು ಹೊರಗಿನ ಕುರ್ಚಿಯಲ್ಲಿ ತೋಳು ಮೇಲೇರಿಸಿಕೊಂಡು ಕಾಯುತ್ತಿದ್ದಳು. ಅವಳಿಗಾಗಿ ಇಟ್ಟ ಬಾಟಲಿಯಲ್ಲಿ ನೀರು.

ಸೂಜಿಯಮ್ಮ ಸಿಟ್ಟನ್ನು ನುಂಗಿಕೊಂಡಳು. ಸಿಟ್ಟು ಬಂದಾಗ ದನಿ ಇಳಿಸುವುದು ಅವಳ ಅಭ್ಯಾಸ. "ಅಣ್ಣಾ, ನನಗೂ ಇದನ್ನ ಸ್ವಲ್ಪ ಕಲಿಸ್ತೀರಾ?"

ಮೆಲ್ಲಗಣ್ಣನ ಮುಖ ಅರಳಿತು. ಖಾಲಿ ಬಾಟಲಿಯೊಂದನ್ನು ಅವಳ ಅಂಗೈಗಿಟ್ಟ. "ಹೀಗೆ. ಒತ್ತಬೇಡಿ. ಮೆಲ್ಲಗೆ ಹೋಗಬೇಕು, ಮೆಲ್ಲಗೆ ಬರಬೇಕು."

"ಅಪ್ಪಿತಪ್ಪಿ ಕುಲುಕಿಬಿಟ್ರೆ?"

"ಕುಲುಕಲೇಬಾರದಮ್ಮ. ನಾನಿಲ್ಲಿ ಸೇರಿದ ದಿನದಿಂದ ಒಂದು ಸಲಾನೂ ಕುಲುಕಿದ್ದಿಲ್ಲ."

"ಈಗ ಕುಲುಕಿದ್ರಲ್ಲ."

"ಯಾವಾಗ?"

"ನಾನು ಗಾಜಿನ ಆಚೆ ನಿಂತಿದ್ದಾಗ."

ಅವನು ತಟ್ಟೆಯ ಕಡೆ ನೋಡಿದ. "ಇಲ್ಲಪ್ಪ. ನಿಮ್ಮ ಕನ್ನಡಕದ ಮೇಲೆ ಹಬೆ ಕೂತಿರಬೇಕು."

"ಇರಬಹುದು. ವಯಸ್ಸಾಯ್ತು." ಸೂಜಿಯಮ್ಮ ಎರಡೂ ಬಾಟಲಿಗಳನ್ನು ಎತ್ತಿಕೊಂಡಳು. ಕೈಗೊಂದರಂತೆ ಹಿಡಿದು ಮೀನುವಿನ ಬಾಟಲಿಯನ್ನು ಕಿವಿಯ ಹತ್ತಿರ ತಂದು ಜೋರಾಗಿ ಕುಲುಕಿದಳು. ಮೆಲ್ಲಗಣ್ಣ ನಿಂತಲ್ಲಿಂದ ಮಿಸುಕಲಿಲ್ಲ. ಆಮೇಲೆ ಡ್ರೈವರನ ಬಾಟಲಿ ಎತ್ತಿದಳು, ಅಷ್ಟೇ. ಅವನು ಮೇಜು ದಾಟಿ ಬಂದು ಅವಳ ಮಣಿಕಟ್ಟು ಹಿಡಿದುಬಿಟ್ಟ.

"ಬೇಡಮ್ಮ. ಸತ್ತುಹೋಗ್ತವೆ."

"ಯಾವುವು?"

ಅವನ ಹಿಡಿತ ಇನ್ನಷ್ಟು ಬಿಗಿಯಾಯಿತು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರೆ. ನೀವು ನನ್ನ ಕೈಯನ್ನೇ ಮುಟ್ಟಿ ನೋಡಿದ್ರಿ," ಅಂದಳು ಸೂಜಿಯಮ್ಮ. "ಎರಡಕ್ಕೂ ಒಂದೇ ಥರ ಕುಲಾವಿ. ನಾನು ಒಂದನ್ನ ಕುಲುಕಿದಾಗ ಸುಮ್ಮನಿದ್ರಿ, ಇನ್ನೊಂದಕ್ಕೆ ಪ್ರಾಣ ಹೋದವರ ಹಾಗೆ ಓಡಿ ಬಂದ್ರಿ. ಕಣ್ಣಿಗೆ ಬಟ್ಟೆ ಕಟ್ಟಿದ್ದು ಆಸ್ಪತ್ರೆ, ಮಣ್ಣೆರಚಿದ್ದು ನೀವು. ನಂಬರಿರೋದು ಕುಲಾವಿ ಮೇಲೆ, ಬಾಟಲಿ ಮೇಲಲ್ಲ. ಎರಡು ಟೊಪ್ಪಿ ಬದಲಾಯಿಸಿದ್ರೆ ಆಯ್ತು, ಮಕ್ಕಳೇ ಅದಲುಬದಲು. ಸರಿ ತಾನೇ?"

"ಕೈ ಬಿಡಿ ಮೊದಲು," ಅಂದ ಅವನು, ಕೈ ಹಿಡಿದದ್ದು ತಾನೇ ಎಂಬುದನ್ನು ಮರೆತು. ಆಮೇಲೆ ಬಿಟ್ಟ. ಗೋಡೆಗೊರಗಿದ ಸ್ಟೂಲಿನ ಮೇಲೆ ಕುಸಿದು ಕೂತ. "ನೀವು ಪೊಲೀಸರನ್ನ ಕರೀರಿ. ಆದ್ರೆ ಅವರನ್ನ ಬೈಬೇಡಿ."

"ಯಾರನ್ನ?"

"ನಿಮ್ಮ ನಾದಿನೀನ. ಕೇಳಿಕೊಂಡಿದ್ದು ಅವರೇ."

ಸೂಜಿಯಮ್ಮ ಹೊರಗಿನ ಕುರ್ಚಿಯ ಕಡೆ ತಿರುಗಿ ನೋಡಿದಳು.

"ನನ್ನ ಮಗಳಿಗೆ ನೀರು ಅಂದ್ರೆ ಜೀವಭಯ ಇತ್ತು," ಎಂದ ಮೆಲ್ಲಗಣ್ಣ. "ಅದನ್ನ ಬಿಡಿಸಿ ಈಜು ಕಲಿಸಿದ್ದು ಅವರು. ಅವರು ಬಂದು, ನನ್ನ ಬಾಟಲಿ ಆ ಡ್ರೈವರಿಗೆ ಹಾಕಿಸಣ್ಣಾ ಅಂದಾಗ ಆಗಲ್ಲ ಅಂದೆ. ಎಷ್ಟು ಸಲ ಅಂದೆನೋ. ಕೊನೆಗೆ ಸೋತೆ."

ಸೂಜಿಯಮ್ಮ ಬಾಗಿಲು ತೆರೆದು ಕೂಗಿದಳು. "ಮೀನೂ, ಬಾ ಇಲ್ಲಿ."

ಮೀನು ಬಂದಳು. ಮೆಲ್ಲಗಣ್ಣನ ಮುಖ ನೋಡಿದಳು, ಅತ್ತಿಗೆಯ ಕೈಯಲ್ಲಿದ್ದ ಬಾಟಲಿಗಳನ್ನು ನೋಡಿದಳು. ಎಲ್ಲ ಅರ್ಥವಾಯಿತು ಅವಳಿಗೆ. "ಸಿಕ್ಕಿಬಿದ್ವಾ?" ಅಂದಳು. ಗಾಬರಿಯ ಸುಳಿವೇ ಇಲ್ಲ.

"ಸಿಕ್ಕಿಬಿದ್ದದ್ದಲ್ಲ, ನಾನು ಹಿಡಿದದ್ದು. ತಲೆ ಕೆಟ್ಟಿದೆಯೇನೇ ನಿಂಗೆ?"

"ಕೆಟ್ಟಿದೆ ಅಂತಲೇ ಅಲ್ವಾ ಇಲ್ಲಿ ಸೇರಿಸಿದ್ದು."

"ತಮಾಷೆ ಸಾಕು. ನಿನಗೆ ಲಸಿಕೆ, ಅವನಿಗೆ ನೀರು ಅಂತ ಹೇಳಿದ್ದು ಯಾರು?"

"ಯಾರೂ ಇಲ್ಲ. ತೋಳು." ಮೀನು ತನ್ನ ತೋಳು ತಟ್ಟಿಕೊಂಡಳು. "ಕಾಯೋ ಕೋಣೇಲಿ ನಾವು ಮತ್ತೇನು ಮಾಡ್ತೀವಿ ಅಂದ್ಕೊಂಡೆ? ಒಬ್ಬರ ತೋಳು ಒಬ್ಬರು ನೋಡಿಕೊಳ್ತೀವಿ. ಲಸಿಕೆ ಹೋದವರಿಗೆ ಚುಚ್ಚಿದ ಕಡೆ ಅಂಗಿ ಗುಂಡಿಯಷ್ಟು ಕೆಂಪಗೆ ಊದುತ್ತೆ, ತುರಿಸುತ್ತೆ. ನೀರು ಹೋದವರಿಗೆ ಏನೂ ಆಗಲ್ಲ. ಡಾಕ್ಟರು ಬಾಟಲಿಗೆ ಮುಸುಕು ಹಾಕಿದ್ರು, ನಮ್ಮ ತೋಳಿಗೆ ಯಾರು ಹಾಕ್ತಾರೆ? ನನಗೆ ಶುರುವಿನಿಂದ ಊದ್ತಿತ್ತು. ಆ ಡ್ರೈವರಿಗೆ ಊದಿದ್ದೇ ಇಲ್ಲ."

ಇಷ್ಟು ದೊಡ್ಡ ಡಾಕ್ಟರುಗಳು, ಕಪ್ಪು ಕಾಗದ, ಬೀಗ, ಊರಾಚೆಯ ಆಫೀಸು. ಎಲ್ಲ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಬೇರೆ ಹೊತ್ತಿನಲ್ಲಾದರೆ ಸೂಜಿಯಮ್ಮ ಮನಸಾರೆ ನಗುತ್ತಿದ್ದಳು.

"ಊದಲಿಲ್ಲ, ಪಾಪ ಅಂತ ನಿನ್ನದನ್ನ ಕೊಟ್ಟುಬಿಡೋದಾ? ಆ ಡ್ರೈವರು ನಿನಗೆ ಏನಾಗಬೇಕೇ?"

"ಗಂಡ," ಅಂದಳು ಮೀನು.

ಹಿಂದೆಯೇ ಒಳಗೆ ಬಂದಿದ್ದ ಸಿಸ್ಟರು ಕೈಯಲ್ಲಿದ್ದ ಹತ್ತಿಯ ಉಂಡೆ ಬೀಳಿಸಿದರು.

"ಏನಂದೆ?"

"ಗಂಡ ಅಂದೆ ಅತ್ತಿಗೆ. ಆ ಪದ ಇನ್ನೂ ಜಾರಿಲ್ಲ. ನೀನು ಆ ಖೋಟಾ ಸಹಿ ಕೇಸಿಗೆ ಪರವೂರಿಗೆ ಹೋಗಿದ್ದೆಯಲ್ಲ, ಆವಾಗ ರಿಜಿಸ್ಟರ್ ಮಾಡಿಸಿಕೊಂಡ್ವಿ. ಸಾಕ್ಷಿಗೆ ಅಣ್ಣ ಬಂದಿದ್ದ."

ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ. ಊರಿನ ಗುಟ್ಟೆಲ್ಲ ರಟ್ಟು ಮಾಡಿದವಳ ಮನೆಯಲ್ಲೇ ಮದುವೆ ನಡೆದಿತ್ತು, ಅವಳ ಸ್ವಂತ ಗಂಡ ಸಹಿ ಹಾಕಿ ಬಂದು, ಏನೂ ಆಗದವನಂತೆ ಅವಳ ಎದುರು ಕೂತು ಊಟ ಮಾಡಿದ್ದ. ಆ ಪುಣ್ಯಾತ್ಮನನ್ನು ಮನೆಗೆ ಹೋಗಿ ವಿಚಾರಿಸಿಕೊಳ್ಳುವುದು ಬಾಕಿಯಿತ್ತು.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವನ ಜಾತಕ ಜಾಲಾಡ್ತಿದ್ದೆ. ಲಾರಿ ನಂಬರಿಂದ ಹಿಡಿದು ಹಾಲುಹಲ್ಲು ಬಿದ್ದ ದಿನದವರೆಗೆ." ಮೀನುವಿನ ದನಿ ಮೆತ್ತಗಾಯಿತು. "ಈ ವಯಸ್ಸಲ್ಲಿ, ಈ ಕಾಯಿಲೇಲಿ ಒಬ್ಬ ಸಿಕ್ಕಿದಾನೆ ಅತ್ತಿಗೆ. ತಲೆ ಬೋಳಿಸಿಕೊಂಡಾಗ ಚೆನ್ನಾಗಿದ್ದೀಯ ಅಂದ, ಸುಳ್ಳು ಹೇಳ್ತಿದ್ದಾನೆ ಅನ್ನಿಸಲಿಲ್ಲ. ನಾನೊಬ್ಬಳೇ ಉಳಿದು ಏನು ಮಾಡಲಿ? ಸರದಿ ಬಿಟ್ಟು ಸರದಿ ಹಂಚಿಕೊಂಡರೆ ಇಬ್ಬರೂ ಒಂದಷ್ಟು ದಿನ ಇರ್ತೀವಿ ಅನ್ನಿಸ್ತು. ಅವನಿಗೆ ಇದೊಂದೂ ಗೊತ್ತಿಲ್ಲ. ಗೊತ್ತಾದ್ರೆ ಒಪ್ಪಲ್ಲ."

ಸೂಜಿಯಮ್ಮ ಬಾಟಲಿಗಳನ್ನು ತಟ್ಟೆಗಿಟ್ಟು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಹಂಚಿಕೊಳ್ಳೋಕೆ ಇದೇನು ಹಾಸಿಗೆಯೇನೇ? ಹೋದ ಸರದಿ ನೀರು ಹಾಕಿಸಿಕೊಂಡೆ, ಬಾಚಣಿಗೆಗೂ ಚಮಚಕ್ಕೂ ವ್ಯತ್ಯಾಸ ಮರೆತೆ. ಇನ್ನೊಂದು ಸರದಿ ಹೀಗಾದ್ರೆ ನನ್ನ ಮರೀತೀಯ."

ಮೀನು ಹುಬ್ಬು ಗಂಟಿಕ್ಕಿದಳು. "ಹೋದ ಸರದಿ ಅಲ್ಲ. ನಾನು ಕೇಳಿಕೊಂಡಿದ್ದು ಆ ಸರದಿ ಮುಗಿದು, ಮದುವೆ ಆದಮೇಲೆ. ಬದಲಾಯಿಸೋದು ಇವತ್ತೇ ಮೊದಲು."

"ಹೋದ ಸರದಿ ಲಸಿಕೆ ಬಾಟಲೀಲಿ ನೀರು ಸಿಕ್ಕಿದ್ದಕ್ಕೇ ತಾನೇ ನನ್ನನ್ನ ಕರೆಸಿದ್ದು?" ಸೂಜಿಯಮ್ಮ ಸ್ಟೂಲಿನ ಕಡೆ ತಿರುಗಿದಳು. "ಅಣ್ಣಾ, ಹೋದ ಸಲ ಬದಲಾಯಿಸಿದ್ದು ನೀವಲ್ವಾ?"

"ಅಲ್ಲ," ಅಂದ ಮೆಲ್ಲಗಣ್ಣ. ತಲೆ ಎತ್ತಲಿಲ್ಲ. "ನಿಜ ಹೇಳ್ತೀನಿ. ಇವತ್ತೂ ನಾನು ಬದಲಾಯಿಸಲಿಲ್ಲ."

"ಮತ್ತೆ ಯಾವುದು ನೀರು ಅಂತ ಹೇಗೆ ಗೊತ್ತಾಯ್ತು?"

"ನೀವು ಗಾಜಿನ ಹತ್ತಿರ ಬರೋ ಮುಂಚೆ, ಬದಲಾಯಿಸೋಕೆ ಅಂತ ಎರಡೂ ಕುಲಾವಿ ಬಿಚ್ಚಿದೆ. ಇವರ ಬಾಟಲೀಲಿ ಲಸಿಕೆ ಇರುತ್ತೆ ಅಂತ ಬಿಚ್ಚಿದ್ರೆ ತಿಳಿನೀರು. ಡ್ರೈವರ ಬಾಟಲೀಲಿ ಲಸಿಕೆ. ಇವರು ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಕೈಕಾಲು ಆಡಲಿಲ್ಲ ನನಗೆ. ಇವರು ಆಸೆಪಟ್ಟಿದ್ದೇನೋ ತಾನಾಗೇ ಆಗಿತ್ತಲ್ಲ. ಇದ್ದ ಹಾಗೇ ಕುಲಾವಿ ಹಾಕಿಬಿಟ್ಟೆ. ನನಗಿಂತ ಮುಂಚೆ ಇನ್ಯಾರೋ ಕೈ ಹಾಕಿದ್ದಾರೆ ತಾಯಿ."

ಸೂಜಿಯಮ್ಮನ ತಲೆ ಚುರುಕಾಗಿ ಓಡಿತು. ಕೊಟ್ಟದ್ದಲ್ಲ ಇದು, ಕದ್ದದ್ದು. ಇವಳು ಪ್ರೀತಿಯಿಂದ ಕೊಡಲು ಹೊರಟದ್ದನ್ನು ಯಾರೋ ಅದಕ್ಕೂ ಮುಂಚೆ ಕಿತ್ತುಕೊಂಡಿದ್ದಾರೆ, ಕಿತ್ತು ಅದೇ ಮನುಷ್ಯನಿಗೆ ಕೊಟ್ಟಿದ್ದಾರೆ. ಬೀಗದ ಕೈ ಇದ್ದವರಲ್ಲಿ ಇನ್ನುಳಿದದ್ದು ಇಬ್ಬರು.

"ಮೀನು, ಹೋದ ಸಲ ನಿನ್ನ ತೋಳು ಊದಿತ್ತಾ?"

ಮೀನು ಯೋಚಿಸಿದಳು. ಪದ ಹುಡುಕುವುದಕ್ಕೆ ಈಚೆಗೆ ಅವಳಿಗೆ ಹೊತ್ತು ಬೇಕಾಗುತ್ತಿತ್ತು. ಆದರೆ ಈಗ ಹುಡುಕುತ್ತಿದ್ದದ್ದು ಪದವನ್ನಲ್ಲ. "ಇಲ್ಲ," ಅಂದಳು. "ಊದಲೇ ಇಲ್ಲ. ದೇಹಕ್ಕೆ ಒಗ್ಗಿಹೋಯ್ತು ಅಂದುಕೊಂಡೆ."

"ಅಮ್ಮ, ಹೊತ್ತಾಗ್ತಿದೆ," ಅಂದರು ಸಿಸ್ಟರು. "ಕರಗಿದ ಮೇಲೆ ಆ ಕಣಗಳು ಹೆಚ್ಚು ಹೊತ್ತು ಬದುಕಲ್ಲ. ಯಾರಿಗೆ ಚುಚ್ಚಲಿ ಹೇಳಿ."

"ಒಂದು ನಿಮಿಷ. ಡ್ರೈವರನ್ನ ಕರೀರಿ."

ಕರೆಯಬೇಕಾಗಿರಲಿಲ್ಲ. ಅವನು ಬಾಗಿಲಲ್ಲೇ ನಿಂತಿದ್ದ. ಅಗಲ ಭುಜದ, ಸಾಧು ಮುಖದ ಮನುಷ್ಯ. ಯಾವಾಗ ಬಂದನೋ, ಎಷ್ಟು ಕೇಳಿಸಿಕೊಂಡನೋ. ಮೀನುವನ್ನು ನೋಡಿ ನಗಲು ಹೋದ, ನಗು ಬರಲಿಲ್ಲ.

"ನಿಮ್ಮ ತೋಳು ತೋರಿಸಿ," ಅಂದಳು ಸೂಜಿಯಮ್ಮ.

ಅವನು ಅಲುಗಾಡಲಿಲ್ಲ.

"ಅತ್ತಿಗೆ, ಅವನನ್ನ ಯಾಕೆ ಹೆದರಿಸ್ತೀಯ? ಅವನಿಗೆ ಊದಿಲ್ಲ ಅಂತ ಹೇಳಿದೆನಲ್ಲ, ಹೋದ ಸಲಾನೂ ಊದಲಿಲ್ಲ ಅಂತ ಅವನೇ ಅಂದ," ಎನ್ನುತ್ತ ಮೀನುವೇ ಹತ್ತಿರ ಹೋದಳು. ಅವನ ತೋಳಿನ ಗುಂಡಿ ಬಿಚ್ಚಿದಳು. ಮಡಿಕೆ ಮೇಲೆ ಮಡಿಕೆ ಹಾಕುತ್ತ ಅಂಗಿಯನ್ನು ಮೇಲೇರಿಸಿದಳು. ಭುಜದ ಕೆಳಗೆ ಅವಳ ಕೈ ನಿಂತಿತು.

ಅಲ್ಲಿ ದುಂಡಗಿನ ಗುರುತೊಂದಿತ್ತು. ಹೊಸದಲ್ಲ, ಊದಿ ಇಳಿದು ಅಂಚು ಕಂದಿದ್ದು. ಹೋದ ಸರದಿಯದು.

ಮೀನು ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅವಳಿಗಿಂತ ಚೆನ್ನಾಗಿ ಆ ಗುರುತು ಯಾರಿಗೂ ಗೊತ್ತಿರಲಿಲ್ಲ.

"ನನ್ನ ಲಸಿಕೆ ನಿನಗೆ ಬರ್ತಿದೆ ಅಂತ ಯಾವಾಗ ಗೊತ್ತಾಯ್ತು?" ಎಂದು ಕೇಳಿದಳು.

ಅವನು, ಸೊಂಟಕ್ಕೆ ಟ್ಯಾಂಕಿನ ಬೀಗದ ಕೈ ಸಿಕ್ಕಿಸಿಕೊಂಡಿದ್ದ ಸಿಸ್ಟರ ಕಡೆ ಒಮ್ಮೆ ನೋಡಿದ, ಕಣ್ಣು ಕೆಳಗೆ ಹಾಕಿದ.

"ನಿನ್ನನ್ನ ಮದುವೆಗೆ ಕೇಳೋದಕ್ಕೆ ಮುಂಚೆ," ಅಂದ.